ತೂತು ಮುಚ್ಚಿತು ಸರಿ, ಒದ್ದೆ ನಿಂತಿತಾ?

ಪ್ರಶ್ನೆ: ಮೇಡಂ, ಹೆರಿಗೆಯಲ್ಲಿ ಗಾಯವಾಗಿ ಸದಾ ಮೂತ್ರ ಸೋರುವ ಹೆಂಗಸರಿಗೆ ಬಡ ದೇಶಗಳಲ್ಲಿ ಉಚಿತವಾಗಿ ಆಪರೇಷನ್ ಮಾಡಿಸುವ ಸಂಸ್ಥೆಯೊಂದರ ಕರಪತ್ರ ನೋಡಿದೆ. ಸುಮಾರು 600 ಡಾಲರ್ ಕೊಟ್ಟರೆ ಒಬ್ಬ ಹೆಂಗಸಿನ ಬದುಕೇ ಬದಲಾಗುತ್ತದೆ ಅಂತ ಬರೆದಿದ್ದರು. ನಿಜಕ್ಕೂ ಅಷ್ಟು ಸುಲಭವಾ? ಅದರ ಬದಲು ಹೆರಿಗೆ ಆಸ್ಪತ್ರೆಗೆ ಕೊಟ್ಟರೆ ಈ ಗಾಯವೇ ಆಗುವುದಿಲ್ಲ ಅಲ್ವಾ? ದುಡ್ಡು ಕೊಡುವ ಮುಂಚೆ ಏನು ವಿಚಾರಿಸಬೇಕು? ಇನ್ನೊಂದು ವಿಷಯ. ನನ್ನ ಅಕ್ಕನ ಮಗಳು ನರ್ಸಿಂಗ್ ಓದುತ್ತಿದ್ದಾಳೆ. ರಜೆಯಲ್ಲಿ ಎರಡು ವಾರ ಅಂಥ ಆಸ್ಪತ್ರೆಗೆ ಹೋಗಿ ಸೇವೆ ಮಾಡಿ ಬರುತ್ತೇನೆ ಅನ್ನುತ್ತಿದ್ದಾಳೆ. ಕಳಿಸಬಹುದಾ?

ಉತ್ತರ: ಕರಪತ್ರದಲ್ಲಿ ಇರುವುದು ಸುಳ್ಳಲ್ಲ. ಆದರೆ ಅರ್ಧ ಕಥೆ. ಉಳಿದರ್ಧ ಆಪರೇಷನ್ ಥಿಯೇಟರ್‌ನ ಹೊರಗೆ ನಡೆಯುತ್ತದೆ, ಅದನ್ನು ಕರಪತ್ರದಲ್ಲಿ ಹಾಕಿದರೆ ಯಾರೂ ದುಡ್ಡು ಕೊಡುವುದಿಲ್ಲ ಅಂತಲೋ ಏನೋ, ಯಾರೂ ಬರೆಯುವುದಿಲ್ಲ. ಆ ಅರ್ಧವನ್ನೇ ಸ್ವಲ್ಪ ಜಾಸ್ತಿ ಹೇಳುತ್ತೇನೆ.

ಮೊದಲು ಕಾಯಿಲೆ ಏನು ಅಂತ ನೋಡೋಣ. ಇದನ್ನು ಫಿಸ್ಟುಲಾ ಅನ್ನುತ್ತಾರೆ. ಇರಬಾರದ ಕಡೆ ಆಗಿರುವ ತೂತು, ಅಷ್ಟೇ. ನಿಮ್ಮ ಹೆಬ್ಬೆರಳಿನ ಉಗುರನ್ನು ಒಮ್ಮೆ ಗಟ್ಟಿಯಾಗಿ ಒತ್ತಿ ನೋಡಿ. ಬೆಳ್ಳಗಾಗುತ್ತದೆ. ಬಿಟ್ಟ ತಕ್ಷಣ ಮತ್ತೆ ಕೆಂಪಾಗುತ್ತದೆ, ಯಾಕೆಂದರೆ ರಕ್ತ ವಾಪಸ್ ಬಂತು. ಈಗ ಎರಡು ದಿನ, ಮೂರು ದಿನ ಬಿಡದೆ ಒತ್ತಿ ಹಿಡಿದಿದ್ದೀರಿ ಅಂದುಕೊಳ್ಳಿ. ಹೆರಿಗೆಯಲ್ಲಿ ಮಗುವಿನ ತಲೆ ತಾಯಿಯ ಸೊಂಟದ ಮೂಳೆಗಳ ನಡುವೆ ಸಿಕ್ಕಿಕೊಂಡರೆ ಆಗುವುದು ಇದೇ. ಒಂದು ಕಡೆ ಮಗುವಿನ ಗಟ್ಟಿ ತಲೆ, ಇನ್ನೊಂದು ಕಡೆ ತಾಯಿಯ ಗಟ್ಟಿ ಮೂಳೆ, ನಡುವೆ ಮೂತ್ರಚೀಲ ಮತ್ತು ಹೆರಿಗೆ ದಾರಿಯ ಮೆತ್ತನೆ ಗೋಡೆ. ನೋವು ಬಂದಾಗಲೆಲ್ಲ ಗರ್ಭಕೋಶ ತಲೆಯನ್ನು ಕೆಳಕ್ಕೆ ತಳ್ಳುತ್ತಲೇ ಇರುತ್ತದೆ. ತಲೆ ಜರುಗುವುದಿಲ್ಲ. ಗೋಡೆಗೆ ರಕ್ತ ಹೋಗುವುದಿಲ್ಲ. ಆ ಜಾಗ ಸಾಯುತ್ತದೆ.

ಸಿಸೇರಿಯನ್ ಆಗುವ ಕಡೆ ಈ ಹಂತಕ್ಕೆ ವಿಷಯ ಹೋಗುವುದೇ ಇಲ್ಲ. ಆಗದ ಕಡೆ, ಬಹುಪಾಲು ಹೆಂಗಸರಲ್ಲಿ ಮಗು ಒಳಗೇ ತೀರಿಕೊಳ್ಳುತ್ತದೆ. ಸತ್ತ ಮಗುವಿನ ತಲೆ ಮೆತ್ತಗಾಗಿ ಕೊನೆಗೆ ಹೊರಗೆ ಬರುತ್ತದೆ. ಬಾಣಂತಿ ಬದುಕಿಕೊಂಡಳಲ್ಲ ಅಂತ ಮನೆಯವರು ಉಸಿರು ಬಿಡುತ್ತಾರೆ. ಕೆಲವು ದಿನ ಕಳೆದ ಮೇಲೆ, ಮೂರನೆಯ ದಿನವೋ ಎಂಟನೆಯ ದಿನವೋ, ಸತ್ತ ಜಾಗ ಕಳಚಿ ಬೀಳುತ್ತದೆ. ಅಲ್ಲಿ ತೂತು. ಬೆಳಗ್ಗೆ ಎದ್ದು ನೋಡಿದರೆ ಹಾಸಿಗೆ ಪೂರ್ತಿ ಒದ್ದೆ. ಬಾಣಂತಿಗೆ ಹೀಗೆಲ್ಲ ಆಗುತ್ತದೆ, ಸರಿಹೋಗುತ್ತದೆ ಅಂತ ಹಿರಿಯರು ಹೇಳುತ್ತಾರೆ. ಸರಿಹೋಗುವುದಿಲ್ಲ. ತೂತು ಹಿಂಭಾಗದಲ್ಲಿ ಆದರೆ ಮಲವೂ ಅದೇ ದಾರಿಯಲ್ಲಿ ಬರುತ್ತದೆ. ಇನ್ನು ಕೆಲವರಿಗೆ ಸೊಂಟದೊಳಗಿನ ನರ ಜಜ್ಜಿಹೋಗಿ ಪಾದ ಎತ್ತಲಾಗದೆ ಎಳೆದುಕೊಂಡು ನಡೆಯುವ ಹಾಗೆ ಆಗುತ್ತದೆ. ಒಂದೇ ಹೆರಿಗೆಯಲ್ಲಿ ಮಗು ಹೋಯಿತು, ಮೂತ್ರದ ಹಿಡಿತ ಹೋಯಿತು, ಕಾಲೂ ಹೋಯಿತು.

ಇಲ್ಲೊಂದು ಸಣ್ಣ ವಿಷಯ, ಹೊರಗಿನವರಿಗೆ ಹೊಳೆಯದೇ ಇರುವಂಥದ್ದು. ಸೋರುವ ಹೆಂಗಸು ಏನು ಮಾಡುತ್ತಾಳೆ? ನೀರು ಕುಡಿಯುವುದು ಬಿಡುತ್ತಾಳೆ. ಲೆಕ್ಕ ಸರಿಯಾಗಿಯೇ ಇದೆ ಅಲ್ವಾ, ಕಡಿಮೆ ಕುಡಿದರೆ ಕಡಿಮೆ ಸೋರುತ್ತದೆ. ಆದರೆ ಕಡಿಮೆ ನೀರಿನ ಮೂತ್ರ ಗಾಢವಾಗುತ್ತದೆ, ವಾಸನೆ ಜಾಸ್ತಿಯಾಗುತ್ತದೆ, ತೊಡೆಯ ಚರ್ಮ ಉರಿದು ಹುಣ್ಣಾಗುತ್ತದೆ, ಅದರ ಮೇಲೆ ಉಪ್ಪು ಕಟ್ಟಿ ಒರಟಾಗುತ್ತದೆ, ಮೂತ್ರಚೀಲದಲ್ಲಿ ಕಲ್ಲೂ ಬೆಳೆಯಬಹುದು. ನಾಚಿಕೆಯಿಂದ ಅವಳೇ ಕಂಡುಕೊಂಡ ಉಪಾಯ ಕಾಯಿಲೆಯನ್ನು ಇನ್ನಷ್ಟು ಕೆಡಿಸುತ್ತದೆ. ಇಂಥ ರೋಗಿ ಆಸ್ಪತ್ರೆಗೆ ಬಂದಾಗ ಮೊದಲ ಔಷಧಿ ಚಾಕುವೂ ಅಲ್ಲ, ಮಾತ್ರೆಯೂ ಅಲ್ಲ. ಒಂದು ತಂಬಿಗೆ ನೀರು. ಅದನ್ನು ಕುಡಿಸಲು ಪಕ್ಕದ ಮಂಚದ ರೋಗಿಯೇ ಒಪ್ಪಿಸಬೇಕು. ಡಾಕ್ಟರ್ ಹೇಳಿದರೆ ಕೇಳುವುದಿಲ್ಲ.

ಎಷ್ಟು ಜನ ಹೀಗಿದ್ದಾರೆ ಅಂದರೆ ಲೆಕ್ಕ ಒಂದೇ ಥರ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಹಳೆಯ ಅಂದಾಜು 20 ಲಕ್ಷ, ಪ್ರತಿ ವರ್ಷ ಹೊಸದಾಗಿ 50,000ದಿಂದ 1 ಲಕ್ಷ. ವಿಶ್ವಸಂಸ್ಥೆಯ ಜನಸಂಖ್ಯಾ ನಿಧಿ ಈಚೆಗೆ ಹೇಳುತ್ತಿರುವುದು ಸುಮಾರು 5 ಲಕ್ಷ. ಬಹುತೇಕ ಎಲ್ಲರೂ ಸಹಾರಾದ ಕೆಳಗಿನ ಆಫ್ರಿಕಾದಲ್ಲಿ ಮತ್ತು ಏಷ್ಯಾದ ಬಡ ಭಾಗಗಳಲ್ಲಿ ಇರುವವರು. ಅಂಕಿಗಳು ಇಷ್ಟು ದೂರ ದೂರ ಇರುವುದಕ್ಕೆ ಆಶ್ಚರ್ಯ ಪಡಬೇಡಿ. ಮನೆಮನೆಗೆ ಹೋಗಿ ಎಣಿಸುವವರ ಎದುರು ಬರದೇ ಹಿತ್ತಲಲ್ಲಿ ಕೂರುವವರನ್ನು ಎಣಿಸುವುದು ಹೇಗೆ?

ಕರಪತ್ರದಲ್ಲಿ ಫೋಟೋ ಇತ್ತು ಅಂದುಕೊಳ್ಳುತ್ತೇನೆ. 13-14 ವರ್ಷದ ಹುಡುಗಿ, ಗಂಡ ಬಿಟ್ಟವಳು, ಊರಾಚೆ ಗುಡಿಸಲಲ್ಲಿ ಒಬ್ಬಳೇ. ಅಂಥವರು ಇದ್ದಾರೆ, ಇಲ್ಲ ಅನ್ನುವುದಿಲ್ಲ. ದೇಹ ಪೂರ್ತಿ ಬೆಳೆಯುವ ಮುಂಚೆ ಬಸುರಾದರೆ ಸೊಂಟ ಕಿರಿದಾಗಿರುತ್ತದೆ, ಅಪಾಯ ಜಾಸ್ತಿ. ಆದರೆ ಎಲ್ಲ ಫಿಸ್ಟುಲಾ ರೋಗಿಗಳೂ ಹಾಗಿರುವುದಿಲ್ಲ. ನಾಲ್ಕು ಮಕ್ಕಳನ್ನು ಸರಾಗವಾಗಿ ಹೆತ್ತು ಐದನೆಯದಕ್ಕೆ ಸಿಕ್ಕಿಬಿದ್ದವರಿದ್ದಾರೆ. ಜೊತೆಗೇ ಇರುವ ಗಂಡಂದಿರಿದ್ದಾರೆ, ಬಟ್ಟೆ ಒಗೆದು ಕೊಡುವ ಅಮ್ಮಂದಿರಿದ್ದಾರೆ, ಎಮ್ಮೆ ಮಾರಿಯೋ ಜಮೀನು ಅಡವಿಟ್ಟೋ ಆಸ್ಪತ್ರೆ ಸುತ್ತಿಸಿದ ಅಣ್ಣಂದಿರಿದ್ದಾರೆ. ಒಂದೇ ಥರದ ಕಣ್ಣೀರಿನ ಕಥೆ ದುಡ್ಡು ತರುತ್ತದೆ, ಅದಕ್ಕೇ ಅದೇ ಕಥೆ ಮತ್ತೆ ಮತ್ತೆ ಬರುತ್ತದೆ. ನನಗಂತೂ ಇದು ಸರಿ ಕಾಣುವುದಿಲ್ಲ. ಹೀಗೆ ಹೇಳಿ ಹೇಳಿ ಫಿಸ್ಟುಲಾ ಅಂದರೆ ಮನೆಯವರು ಕೈಬಿಡಬೇಕಾದ ಕಾಯಿಲೆ ಅನ್ನುವ ಭಾವನೆಯನ್ನು ನಾವೇ ಗಟ್ಟಿ ಮಾಡುತ್ತಿದ್ದೇವೆ.

ಈಗ ನಿಮ್ಮ ಮೊದಲ ಪ್ರಶ್ನೆ. ಆಪರೇಷನ್ ಅಷ್ಟು ಸುಲಭವಾ?

ಸಣ್ಣ ತೂತಾದರೆ, ಮೊದಲ ಸಲದ ಆಪರೇಷನ್ ಆದರೆ, ಕೈ ಪಳಗಿದ್ದರೆ, ಹೌದು. ಬೆನ್ನಿಗೆ ಒಂದು ಇಂಜೆಕ್ಷನ್ ಕೊಟ್ಟು ಸೊಂಟದ ಕೆಳಗೆ ಮರಗಟ್ಟಿಸುತ್ತಾರೆ. ರೋಗಿ ಎಚ್ಚರವಾಗಿಯೇ ಇರುತ್ತಾಳೆ. ತೂತು ಎಲ್ಲಿದೆ ಅಂತ ಗೊತ್ತಾಗದಿದ್ದರೆ ಒಂದು ಹಳೆಯ ಉಪಾಯ ಇದೆ. ಹೆರಿಗೆ ದಾರಿಯ ಒಳಗೆ ಮೂರು ತುಂಡು ಹತ್ತಿಬಟ್ಟೆಯನ್ನು ಒಂದರ ಹಿಂದೆ ಒಂದು ಇಟ್ಟು, ಮೂತ್ರಚೀಲಕ್ಕೆ ನೀಲಿ ಬಣ್ಣದ ನೀರು ಬಿಡುತ್ತಾರೆ. ಆಮೇಲೆ ಒಂದೊಂದೇ ಬಟ್ಟೆ ತೆಗೆದು ನೋಡುವುದು. ಯಾವುದು ನೀಲಿಯಾಗಿದೆಯೋ ತೂತು ಅದರ ಎದುರಿಗಿದೆ. ಬಟ್ಟೆ ಒದ್ದೆಯಾಗಿದೆ ಆದರೆ ನೀಲಿಯಾಗಿಲ್ಲ ಅಂದರೆ ಮೂತ್ರ ಬರುತ್ತಿರುವುದು ಚೀಲದಿಂದ ಅಲ್ಲ, ಮೂತ್ರಪಿಂಡದಿಂದ ಚೀಲಕ್ಕೆ ಮೂತ್ರ ತರುವ ನಾಳದಿಂದ. ಆಗ ಆಪರೇಷನ್ನೇ ಬೇರೆ. ಸ್ಕ್ಯಾನಿಂಗ್ ಮೆಷಿನ್ ಇಲ್ಲ, ಕರೆಂಟ್ ಬಂದರೂ ಸರಿ ಹೋದರೂ ಸರಿ, ಮೂರು ತುಂಡು ಬಟ್ಟೆ ಎಲ್ಲ ಹೇಳುತ್ತದೆ. ನನಗೆ ಈ ಪರೀಕ್ಷೆ ಮೇಲೆ ಸ್ವಲ್ಪ ಪ್ರೀತಿ ಜಾಸ್ತಿ, ಕ್ಷಮಿಸಿ.

ಆಮೇಲೆ ತೂತಿನ ಸುತ್ತ ಗಟ್ಟಿಯಾದ ಗಾಯದ ಕಲೆಯನ್ನು ಬಿಡಿಸಿ, ಮೂತ್ರಚೀಲದ ಗೋಡೆಯನ್ನು ಸಡಿಲ ಮಾಡಿಕೊಂಡು, ಅಂಚಿಗೆ ಅಂಚು ತಂದು ಹೊಲಿಯುತ್ತಾರೆ. ಎಳೆದು ಬಿಗಿಯಾಗಿ ಹೊಲಿದರೆ ಕೆಟ್ಟಿತು. ಹೊಲಿಗೆ ಸಡಿಲ ಇರಬೇಕು, ಆದರೆ ಸೋರಬಾರದು. ಮುಗಿದ ಮೇಲೆ ಮತ್ತೆ ನೀಲಿ ನೀರು ಬಿಟ್ಟು ಒಂದು ಹನಿಯೂ ಬರುತ್ತಿಲ್ಲ ಅಂತ ಖಾತ್ರಿ ಮಾಡಿಕೊಳ್ಳುತ್ತಾರೆ. ಸರಳವಾದ ತೂತುಗಳಲ್ಲಿ 10ಕ್ಕೆ 9 ಹೀಗೆ ಮುಚ್ಚಿಹೋಗುತ್ತವೆ.

ಈಗ ನಾನು ಹೇಳಬೇಕೆಂದಿದ್ದ ಉಳಿದರ್ಧ ಶುರು. ಡಾಕ್ಟರ್ ಕೈ ತೊಳೆದುಕೊಂಡು ಹೋದರು. ರೋಗಿಗೆ ಕ್ಯಾತಿಟರ್ ಹಾಕಿದೆ, ಅಂದರೆ ಮೂತ್ರ ತಾನಾಗಿ ಹರಿದು ಹೋಗುವ ನಳಿಗೆ. ಸರಳ ತೂತಾದರೆ 7ರಿಂದ 10 ದಿನ ಸಾಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ, ಕಷ್ಟದ್ದಾದರೆ 2 ವಾರ ಅಥವಾ ಇನ್ನೂ ಜಾಸ್ತಿ. ಈ ನಳಿಗೆ ಮಡಚಿಕೊಂಡರೆ, ಅಥವಾ ಒಂದು ಚೂರು ರಕ್ತದ ಗಡ್ಡೆ ಸಿಕ್ಕಿ ಕಟ್ಟಿಕೊಂಡರೆ, ಮೂತ್ರಚೀಲ ಬಲೂನಿನ ಹಾಗೆ ಉಬ್ಬುತ್ತದೆ. ಉಬ್ಬಿದರೆ ಹೊಲಿಗೆ ಬಿಡುತ್ತದೆ. ರಾತ್ರಿ 2 ಗಂಟೆಗೆ ನಳಿಗೆ ಕಟ್ಟಿ, ಬೆಳಗ್ಗೆ 6ಕ್ಕೆ ನರ್ಸ್ ಬಂದು ನೋಡಿದರೆ ಅಷ್ಟೊತ್ತಿಗೆ ಎಲ್ಲ ಮುಗಿದಿರುತ್ತದೆ. ಎಷ್ಟೇ ದೊಡ್ಡ ಸರ್ಜನ್ ಹೊಲಿದಿರಲಿ.

ಅದಕ್ಕೇ ಒಳ್ಳೆಯ ಫಿಸ್ಟುಲಾ ವಾರ್ಡ್‌ಗಳಲ್ಲಿ ಪ್ರತಿ ಮಂಚದ ಹತ್ತಿರ ಮೂರೇ ಪ್ರಶ್ನೆ ಕೇಳುತ್ತಾರೆ. ಕುಡಿಯುತ್ತಿದ್ದಾಳಾ? ಹನಿಯುತ್ತಿದೆಯಾ? ಹಾಸಿಗೆ ಒಣಗಿದೆಯಾ? ನಳಿಗೆಯ ತುದಿಯಿಂದ ಮಂಚದ ಕೆಳಗಿನ ಬಕೆಟ್‌ಗೆ ಹನಿ ಬೀಳುವ ಸದ್ದು ಕೇಳುತ್ತಿದ್ದರೆ ಎಲ್ಲ ಸರಿಯಿದೆ ಅಂತ ಲೆಕ್ಕ. ಸದ್ದು ನಿಂತರೆ ಓಡಬೇಕು. ಈ ಓಡುವ ಕೆಲಸ ನರ್ಸ್‌ಗಳದ್ದು, ಆಯಾಗಳದ್ದು, ಎಷ್ಟೋ ಕಡೆ ಹಿಂದೆ ರೋಗಿಗಳಾಗಿ ಬಂದು ಅಲ್ಲೇ ಕೆಲಸಕ್ಕೆ ಉಳಿದ ಹೆಂಗಸರದ್ದು. ನಿಮ್ಮ 600 ಡಾಲರ್‌ನಲ್ಲಿ ದೊಡ್ಡ ಪಾಲು ಹೋಗುವುದು ಇಲ್ಲಿಗೆ. ಮಂಚ, ಊಟ, ನರ್ಸ್ ಸಂಬಳ, ನಳಿಗೆ, ಸೋಪು. ಹೋಗಲೇಬೇಕು ಕೂಡ.

ಇನ್ನೂ ಒಂದು ಮಾತಿದೆ, ಇದನ್ನು ದಾನ ಕೇಳುವವರು ಬೇಗ ಹೇಳುವುದಿಲ್ಲ. ತೂತು ಮುಚ್ಚುವುದೇ ಬೇರೆ, ಒದ್ದೆ ನಿಲ್ಲುವುದೇ ಬೇರೆ. ಮೂತ್ರವನ್ನು ಬಿಗಿಹಿಡಿಯುವ ಸ್ನಾಯು ಸತ್ತು ಹೋಗಿರಬಹುದು. ಮೂತ್ರಚೀಲದ ಅರ್ಧ ಭಾಗವೇ ಕಳಚಿ ಹೋಗಿ, ಉಳಿದದ್ದರಲ್ಲಿ ನಾಲ್ಕು ಚಮಚ ಮೂತ್ರ ಹಿಡಿಯುವಷ್ಟೂ ಜಾಗ ಇಲ್ಲದಿರಬಹುದು. ಹೊಲಿಗೆ ಚೆನ್ನಾಗಿ ಕೂಡಿಕೊಂಡಿರುತ್ತದೆ, ರಿಜಿಸ್ಟರ್‌ನಲ್ಲಿ ಯಶಸ್ವಿ ಅಂತ ಬರೆದಿರುತ್ತಾರೆ. ಅವಳು ಎದ್ದು ನಿಂತರೆ, ಕೆಮ್ಮಿದರೆ, ನೀರಿನ ಕೊಡ ಎತ್ತಿದರೆ ಮತ್ತೆ ಸೋರುತ್ತದೆ. ಡಾಕ್ಟರ ಲೆಕ್ಕದಲ್ಲಿ ಗುಣವಾದವಳು, ಮನೆಯವರ ಲೆಕ್ಕದಲ್ಲಿ ಹಾಗೇ ಇರುವವಳು. ಇಂಥವರು ಒಬ್ಬರಿಬ್ಬರಲ್ಲ. ಇವರಿಗೆ ವ್ಯಾಯಾಮ ಹೇಳಿಕೊಡಬೇಕು, ಎರಡನೆಯ ಆಪರೇಷನ್ ಬೇಕಾಗಬಹುದು, ಕೆಲವರಿಗೆ ಏನು ಮಾಡಿದರೂ ಪೂರ್ತಿ ಆಗುವುದಿಲ್ಲ. ಮೊದಲ ಆಪರೇಷನ್ನೇ ಒಳ್ಳೆಯ ಅವಕಾಶ, ಎರಡನೆಯದು, ಮೂರನೆಯದು ಅಂತ ಹೋದಷ್ಟೂ ಗಾಯದ ಕಲೆ ಗಟ್ಟಿಯಾಗಿ ಕೆಲಸ ಕಷ್ಟ. ಹಾಗಾಗಿ ಕಲಿಯುವ ಉತ್ಸಾಹದಲ್ಲಿ ಯಾರೋ ಅರೆಬರೆ ತಿಳಿದವರು ಮೊದಲ ಸಲ ಕೈಹಾಕಿ ಕೆಡಿಸಿದರೆ ಅದು ದಾನ ಅಲ್ಲ, ಅನ್ಯಾಯ.

ಇದನ್ನೆಲ್ಲ ಮೊದಲು ಸರಿಯಾಗಿ ಅರ್ಥ ಮಾಡಿಕೊಂಡವರ ಕಥೆ ಹೇಳದಿದ್ದರೆ ಆಗುವುದಿಲ್ಲ. ಕ್ಯಾಥರೀನ್ ಹ್ಯಾಮ್ಲಿನ್ ಆಸ್ಟ್ರೇಲಿಯಾದವರು, ಅವರ ಗಂಡ ರೆಜಿನಾಲ್ಡ್ ನ್ಯೂಜಿಲೆಂಡಿನವರು. ಇಬ್ಬರೂ ಹೆರಿಗೆ ಡಾಕ್ಟರು. ಸೂಲಗಿತ್ತಿಯರಿಗೆ ತರಬೇತಿ ಕೊಡಲು 3 ವರ್ಷಕ್ಕೆ ಅಂತ 1959ರಲ್ಲಿ ಇಥಿಯೋಪಿಯಾದ ಆಡಿಸ್ ಅಬಾಬಾಕ್ಕೆ ಬಂದರು. ಬಂದ ಮೇಲೆ ಕಣ್ಣಿಗೆ ಬಿದ್ದದ್ದು ಈ ಹೆಂಗಸರು. ಹಳೆಯ ಪುಸ್ತಕ, ಪತ್ರಿಕೆ ಓದಿ ಓದಿ ಆಪರೇಷನ್ ಕಲಿತರು. ವಾಪಸ್ ಹೋಗಲೇ ಇಲ್ಲ. 1974ರಲ್ಲಿ ಫಿಸ್ಟುಲಾಗೇ ಅಂತ ಒಂದು ಆಸ್ಪತ್ರೆ ಕಟ್ಟಿದರು. ರೆಜಿನಾಲ್ಡ್ 1993ರಲ್ಲಿ ತೀರಿಕೊಂಡರು, ಕ್ಯಾಥರೀನ್ 90 ದಾಟಿದ ಮೇಲೂ ಆಪರೇಷನ್ ಮಾಡುತ್ತಿದ್ದರು, 2020ರಲ್ಲಿ 96ನೆಯ ವಯಸ್ಸಿಗೆ ತೀರಿಕೊಂಡರು. ಆ ಆಸ್ಪತ್ರೆ ಮತ್ತು ಅದರ ಐದು ಶಾಖೆಗಳಲ್ಲಿ 60,000ಕ್ಕೂ ಹೆಚ್ಚು ಹೆಂಗಸರಿಗೆ ಚಿಕಿತ್ಸೆ ಆಗಿದೆ.

ನನಗೆ ಅವರಿಗಿಂತ ದೊಡ್ಡವರಾಗಿ ಕಾಣುವುದು ಮಮಿತು ಗಾಶೆ. 1962ರಲ್ಲಿ, ಇನ್ನೂ 16ರ ಆಸುಪಾಸಿನ ಹುಡುಗಿ, ಚೊಚ್ಚಲ ಹೆರಿಗೆಯಲ್ಲಿ ಮಗು ಕಳೆದುಕೊಂಡು ಮೈಯೆಲ್ಲ ಗಾಯವಾಗಿ ಹ್ಯಾಮ್ಲಿನ್ ದಂಪತಿ ಹತ್ತಿರ ಬಂದವರು. ಓದು ಬರಹ ಬರುತ್ತಿರಲಿಲ್ಲ. ಚಿಕಿತ್ಸೆ ನಡೆಯುತ್ತಿದ್ದಾಗಲೇ ವಾರ್ಡ್‌ನಲ್ಲಿ ಹಾಸಿಗೆ ಹಾಸುವ ಕೆಲಸ ಶುರು ಮಾಡಿದರು. ಆಮೇಲೆ ಥಿಯೇಟರ್‌ನಲ್ಲಿ ಸಾಮಾನು ಎತ್ತಿಕೊಡುವುದು, ಆಮೇಲೆ ಪಕ್ಕದಲ್ಲಿ ನಿಂತು ಸಹಾಯ, ಕೊನೆಗೆ ತಾವೇ ಸರ್ಜನ್. ಡಿಗ್ರಿ ಪಡೆದು ಬಂದ ಡಾಕ್ಟರುಗಳಿಗೆ ಅವರು ಈ ಆಪರೇಷನ್ ಹೇಳಿಕೊಟ್ಟಿದ್ದಾರೆ. 1989ರಲ್ಲಿ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಸರ್ಜನ್ಸ್ ಹ್ಯಾಮ್ಲಿನ್ ದಂಪತಿ ಜೊತೆ ಅವರಿಗೂ ಚಿನ್ನದ ಪದಕ ಕೊಟ್ಟಿತು. ಗುಣವಾದವಳು ಹೇಗೆ ಬದುಕುತ್ತಾಳೆ ಅನ್ನುವುದನ್ನು ಆ ಆಸ್ಪತ್ರೆ ಮೊದಲಿನಿಂದಲೂ ತನ್ನ ಕೆಲಸದ ಭಾಗ ಅಂದುಕೊಂಡಿತ್ತು. ಏನು ಮಾಡಿದರೂ ಪೂರ್ತಿ ಗುಣವಾಗದವರಿಗಾಗಿ ಆಡಿಸ್ ಅಬಾಬಾದ ಹೊರಗೆ ದೆಸ್ತಾ ಮೆಂದರ್ ಅನ್ನುವ ಊರೇ ಕಟ್ಟಿದರು. ಸಂತೋಷದ ಹಳ್ಳಿ ಅಂತ ಅದರ ಅರ್ಥ.

ಇವರೊಬ್ಬರೇ ಅಲ್ಲ. ನೈಜೀರಿಯಾದ ಉತ್ತರದಲ್ಲಿ ಕಾಟ್ಸಿನಾ ಅಂತ ಊರಿದೆ, ಅಲ್ಲಿ ಡಚ್ ಸರ್ಜನ್ ಕೀಸ್ ವಾಲ್ಡೈಕ್ 1983ರಿಂದ ಕೂತು 20,000ಕ್ಕೂ ಹೆಚ್ಚು ಆಪರೇಷನ್ ಮಾಡಿದರು, ಜೊತೆಗೆ ನೂರಾರು ಜನರಿಗೆ ಕಲಿಸಿದರು. ಕಾಂಗೋದ ಬುಕಾವುವಿನಲ್ಲಿ ಡೆನಿಸ್ ಮುಕ್ವೇಗೆ ಅವರ ಪಾಂಜಿ ಆಸ್ಪತ್ರೆ ಇದೆ. ಯುದ್ಧದಲ್ಲಿ ಅತ್ಯಾಚಾರದಿಂದ ಆದ ಗಾಯಗಳಿಗೆ ಅದು ಹೆಸರಾಗಿದೆ, 2018ರಲ್ಲಿ ಅವರಿಗೆ ನೊಬೆಲ್ ಶಾಂತಿ ಪ್ರಶಸ್ತಿ ಬಂತು, ಆದರೆ ಹೆರಿಗೆ ಫಿಸ್ಟುಲಾ ಕೂಡ ಅಲ್ಲಿ ದಿನನಿತ್ಯದ ಕೆಲಸ. ಸೋಮಾಲಿಲ್ಯಾಂಡಿನ ಹರ್ಗೈಸಾದಲ್ಲಿ ಎಡ್ನಾ ಅದಾನ್ ಅನ್ನುವ ನರ್ಸ್ ತಮ್ಮ ಉಳಿತಾಯ ಎಲ್ಲ ಸುರಿದು ಹೆರಿಗೆ ಆಸ್ಪತ್ರೆ ಕಟ್ಟಿದರು, 2002ರಲ್ಲಿ ಬಾಗಿಲು ತೆರೆಯಿತು. ಇವರೆಲ್ಲರಲ್ಲೂ ಒಂದು ವಿಷಯ ಸಮಾನ. ಬಂದು ಹೋಗುವವರಲ್ಲ, ಅಲ್ಲೇ ಕೂತವರು.

ದುಡ್ಡು ಎಲ್ಲಿ ಕೆಲಸ ಮಾಡುತ್ತದೆ ಅನ್ನುವುದಕ್ಕೆ ನನಗೆ ತುಂಬ ಇಷ್ಟವಾದ ಉದಾಹರಣೆ ತಾಂಜಾನಿಯಾದ್ದು. ದಾರ್ ಎಸ್ ಸಲಾಮ್‌ನ ಸಿಸಿಬಿಆರ್‌ಟಿ ಅನ್ನುವ ಆಸ್ಪತ್ರೆಯಲ್ಲಿ ಆಪರೇಷನ್ ಉಚಿತ. ಆದರೂ ರೋಗಿಗಳು ಬರುತ್ತಿರಲಿಲ್ಲ. ಯಾಕೆ ಅಂತ ನೋಡಿದರೆ ಬಸ್ ಚಾರ್ಜ್ ಇಲ್ಲ. ದೇಶದ ಆ ಕೊನೆಯಿಂದ ಎರಡು ದಿನದ ದಾರಿ. 2009ರಲ್ಲಿ ಅವರು ಒಂದು ಕೆಲಸ ಮಾಡಿದರು. ಹಳ್ಳಿಯ ನರ್ಸ್‌ಗಳು, ಹಿಂದೆ ಗುಣವಾಗಿ ಹೋದ ಹೆಂಗಸರು, ಹೀಗೆ ಊರೂರಲ್ಲಿ ಒಬ್ಬರನ್ನು ಗೊತ್ತುಮಾಡಿಕೊಂಡು, ರೋಗಿ ಸಿಕ್ಕಿದ ಕೂಡಲೇ ಅವರ ಮೊಬೈಲಿಗೇ ಎಂ-ಪೆಸಾ ಅನ್ನುವ ಮೊಬೈಲ್ ಹಣದ ವ್ಯವಸ್ಥೆ ಮೂಲಕ ಬಸ್ ಚಾರ್ಜ್ ಕಳಿಸಿದರು. ಅವರು ಟಿಕೆಟ್ ತೆಗೆದು ಹತ್ತಿಸಿ ಕಳಿಸಬೇಕು. ರೋಗಿ ಬಂದು ಮುಟ್ಟಿದರೆ ಹತ್ತಿಸಿದವರಿಗೂ ಒಂದಿಷ್ಟು ಹಣ. ಎರಡು ಮೂರು ವರ್ಷದಲ್ಲಿ ಬರುವವರ ಸಂಖ್ಯೆ ಏರಿತು. ಹೊಸ ಥಿಯೇಟರ್ ಕಟ್ಟಿದ್ದಲ್ಲ, ವಿದೇಶದಿಂದ ಸರ್ಜನ್ ಕರೆಸಿದ್ದಲ್ಲ. ಬಸ್ ಟಿಕೆಟ್, ಅಷ್ಟೇ!

ಎರಡನೆಯ ಪ್ರಶ್ನೆ ನಿಮ್ಮದು, ಹೆರಿಗೆ ಆಸ್ಪತ್ರೆಗೆ ಕೊಟ್ಟರೆ ಒಳ್ಳೆಯದಲ್ವಾ ಅಂತ. ನ್ಯಾಯವಾದ ಪ್ರಶ್ನೆ. ಶ್ರೀಮಂತ ದೇಶಗಳಲ್ಲೂ ಇದೇ ಕಾಯಿಲೆ ಇತ್ತು, ಅದು ಹೋದದ್ದು ಹೊಲಿಗೆಯಿಂದ ಅಲ್ಲ. ಅಮೆರಿಕದ ಮರಿಯನ್ ಸಿಮ್ಸ್ 1840ರ ದಶಕದಲ್ಲಿ ಅಲಬಾಮಾದಲ್ಲಿ ಬೆಳ್ಳಿ ತಂತಿಯಲ್ಲಿ ತೂತು ಹೊಲಿಯುವ ವಿಧಾನ ಕಂಡುಹಿಡಿದರು. ಕಂಡುಹಿಡಿದದ್ದು ಗುಲಾಮ ಹೆಂಗಸರ ಮೈಮೇಲೆ, ಮರಗಟ್ಟಿಸದೆ. ಅನಾರ್ಕಾ ಅನ್ನುವವಳ ಮೇಲೆ ಸುಮಾರು 30 ಸಲ ಪ್ರಯೋಗ ಮಾಡಿದ್ದಾರೆ. ಲೂಸಿ, ಬೆಟ್ಸಿ ಅಂತ ಇನ್ನಿಬ್ಬರ ಹೆಸರು ಉಳಿದಿದೆ, ಮಿಕ್ಕವರದು ಇಲ್ಲ. 1855ರಲ್ಲಿ ಸಿಮ್ಸ್ ನ್ಯೂಯಾರ್ಕಿನಲ್ಲಿ ಹೆಂಗಸರ ಆಸ್ಪತ್ರೆ ತೆರೆದರು, ಅವರ ಪ್ರತಿಮೆಯೂ ನಿಂತಿತು, 2018ರಲ್ಲಿ ಆ ಪ್ರತಿಮೆಯನ್ನು ಸೆಂಟ್ರಲ್ ಪಾರ್ಕ್‌ನಿಂದ ಕಿತ್ತು ತೆಗೆದರು. ಇರಲಿ. ಆಪರೇಷನ್ ಬಂದರೂ ಹೊಸ ಫಿಸ್ಟುಲಾ ಆಗುವುದು ನಿಂತಿರಲಿಲ್ಲ. ಮುಂದಿನ ಶತಮಾನದಲ್ಲಿ ಸಿಸೇರಿಯನ್ ಸುರಕ್ಷಿತವಾಗಿ, ಎಲ್ಲರ ಕೈಗೆ ಸಿಗುವಂತಾದ ಮೇಲೆ ತಾನಾಗೇ ಮಾಯವಾಯಿತು. ಇವತ್ತು ಜಗತ್ತಿನಲ್ಲಿ 100 ಹೆರಿಗೆಗೆ ಸುಮಾರು 21 ಸಿಸೇರಿಯನ್. ಸಹಾರಾದ ಕೆಳಗಿನ ಆಫ್ರಿಕಾದಲ್ಲಿ ಸುಮಾರು 5. ಒಂದು ಕಡೆ ಬೇಡದಿದ್ದರೂ ಕೊಯ್ಯುತ್ತಾರೆ, ಇನ್ನೊಂದು ಕಡೆ ಬೇಕಾದಾಗಲೂ ಸಿಗುವುದಿಲ್ಲ.

ಆದರೆ ತಡೆಯಬೇಕು ಅನ್ನುವುದು ಆಸ್ಪತ್ರೆ ಕಟ್ಟಡಕ್ಕೆ ಇಟ್ಟಿಗೆ ಜೋಡಿಸಿದಷ್ಟು ಸರಳ ಅಲ್ಲ. ತಡ ಮೂರು ಕಡೆ ಆಗುತ್ತದೆ. ಆಸ್ಪತ್ರೆಗೆ ಹೋಗಬೇಕು ಅಂತ ಮನೆಯಲ್ಲಿ ತೀರ್ಮಾನ ಮಾಡಲು ತಡ, ಗಾಡಿ ಸಿಕ್ಕಿ ದಾರಿ ಸವೆಸಲು ತಡ, ಮುಟ್ಟಿದ ಮೇಲೆ ಡಾಕ್ಟರ್, ರಕ್ತ, ಕರೆಂಟ್ ಸಿಗಲು ತಡ. ಮೂರನ್ನೂ ಸರಿಮಾಡಬೇಕು. ಇದರಲ್ಲಿ ಎಲ್ಲಕ್ಕಿಂತ ಬೆಲೆಬಾಳುವವಳು ಊರಲ್ಲೇ ಇರುವ, ಸರಿಯಾಗಿ ಕಲಿತ ಸೂಲಗಿತ್ತಿ ನರ್ಸ್. ಅವಳ ಹತ್ತಿರ ಒಂದು ಹಾಳೆ ಇರುತ್ತದೆ. ಗರ್ಭಕೋಶದ ಬಾಯಿ ಗಂಟೆಗಂಟೆಗೆ ಎಷ್ಟು ತೆರೆಯಿತು ಅಂತ ಅದರಲ್ಲಿ ಗುರುತು ಹಾಕುತ್ತಾಳೆ. ಗೆರೆ ದಾಟಿತು ಅಂದರೆ ಕಾಯುವುದಿಲ್ಲ, ಕಳಿಸುತ್ತಾಳೆ. ಹ್ಯಾಮ್ಲಿನ್ ಆಸ್ಪತ್ರೆಯವರು 2007ರಲ್ಲಿ ಸೂಲಗಿತ್ತಿಯರ ಕಾಲೇಜನ್ನೇ ಶುರು ಮಾಡಿದರು, ಹಳ್ಳಿ ಹುಡುಗಿಯರನ್ನು ಆರಿಸಿ ಕಲಿಸಿ ಅದೇ ಕಡೆಗೆ ವಾಪಸ್ ಕಳಿಸಲು. ಇನ್ನೊಂದು ಅಗ್ಗದ ಉಪಾಯ ಹೇಳುತ್ತೇನೆ. ಹೆರಿಗೆಯಲ್ಲಿ ದಿನಗಟ್ಟಲೆ ಸಿಕ್ಕಿಬಿದ್ದು ಬಂದವಳಿಗೆ ಹೆರಿಗೆ ಆದ ಕೂಡಲೇ ಕ್ಯಾತಿಟರ್ ಹಾಕಿ 2 ವಾರ ಬಿಟ್ಟರೆ, ಮೂತ್ರಚೀಲಕ್ಕೆ ಬಿಡುವು ಸಿಕ್ಕಿ ಎಷ್ಟೋ ಸಲ ತೂತು ಆಗುವುದೇ ಇಲ್ಲ. ಆಗಿದ್ದರೂ, ಸಣ್ಣದಾಗಿದ್ದರೆ, ತಾನಾಗಿ ಮುಚ್ಚಿಕೊಳ್ಳಬಹುದು. ಒಂದು ರಬ್ಬರ್ ನಳಿಗೆ. ಇಷ್ಟನ್ನು ಎಲ್ಲ ಹೆರಿಗೆ ಕೇಂದ್ರಗಳಲ್ಲಿ ಮಾಡಿಸುವುದಕ್ಕೇ ಇನ್ನೂ ಒದ್ದಾಡುತ್ತಿದ್ದಾರೆ.

ಇದಾ ಅದಾ ಅಂತ ಆರಿಸಲು ಹೋಗಬೇಡಿ. ಈಗಾಗಲೇ ಸೋರುತ್ತಾ ಕೂತಿರುವವಳಿಗೆ ನಾಳೆ ಕಟ್ಟುವ ಹೆರಿಗೆ ಆಸ್ಪತ್ರೆಯಿಂದ ಏನೂ ಆಗುವುದಿಲ್ಲ. ಅಲ್ಲದೆ ಇವೆರಡೂ ಒಂದಕ್ಕೊಂದು ಅಂಟಿಕೊಂಡಿವೆ. ಫಿಸ್ಟುಲಾ ಗುಣವಾದವಳು ಮತ್ತೆ ಬಸುರಾದರೆ ಸಿಸೇರಿಯನ್ ಆಗಲೇಬೇಕು, ಇಲ್ಲದಿದ್ದರೆ ಹೊಲಿದ ಜಾಗ ಮತ್ತೆ ಹರಿಯಬಹುದು. ಅವಳ ಊರಿನ ಹತ್ತಿರ ಅದಕ್ಕೆ ವ್ಯವಸ್ಥೆ ಇಲ್ಲದಿದ್ದರೆ ನಿಮ್ಮ 600 ಡಾಲರ್ ಮುಂದಿನ ಹೆರಿಗೆಯ ತನಕ ಮಾತ್ರ. ಇನ್ನೂ ಒಂದು ಎಚ್ಚರಿಕೆ. ಸರಿಯಾಗಿ ಕಲಿಯದವರ ಕೈಗೆ ಚಾಕು ಕೊಟ್ಟು ಸಿಸೇರಿಯನ್ ಜಾಸ್ತಿ ಮಾಡಿಸಿದ ಕಡೆ, ಆ ಆಪರೇಷನ್ನಿನಲ್ಲೇ ಮೂತ್ರಚೀಲಕ್ಕೆ, ನಾಳಕ್ಕೆ ಪೆಟ್ಟಾಗಿ ಬರುವ ಫಿಸ್ಟುಲಾಗಳು ಈಗ ಜಾಸ್ತಿಯಾಗುತ್ತಿವೆ.

ದುಡ್ಡು ಕೊಡುವ ಮುಂಚೆ ಏನು ಕೇಳಬೇಕು ಅಂದಿರಿ. ವರ್ಷಕ್ಕೆ ಎಷ್ಟು ಆಪರೇಷನ್ ಮಾಡಿದಿರಿ ಅಂತ ಎಲ್ಲರೂ ಕೇಳುತ್ತಾರೆ, ಉತ್ತರ ಬಾಯಿಪಾಠ ಇರುತ್ತದೆ. ನೀವು ಬೇರೆ ಕೇಳಿ. ಮನೆಗೆ ಹೋಗುವಾಗ ಎಷ್ಟು ಜನ ಒಣಗಿದ್ದರು? ಆರು ತಿಂಗಳ ಮೇಲೆ ಎಷ್ಟು ಜನ? ಎರಡನೆಯದಕ್ಕೆ ಉತ್ತರ ಇಲ್ಲದಿದ್ದರೆ ಅವರು ಯಾರನ್ನೂ ಹಿಂಬಾಲಿಸಿ ನೋಡಿಲ್ಲ ಅಂತ ಅರ್ಥ. ಎಲ್ಲರೂ ಗುಣವಾದರು ಅಂದರೆ ಇನ್ನೂ ಅನುಮಾನ ಪಡಿ. ಇಷ್ಟು ಜನಕ್ಕೆ ಆಗಲಿಲ್ಲ, ಅವರಿಗೆ ಹೀಗೆ ಮಾಡುತ್ತಿದ್ದೇವೆ ಅಂತ ಹೇಳುವವರನ್ನು ನಂಬಬಹುದು. ಆಪರೇಷನ್ ಮಾಡುವವರು ಆ ದೇಶದವರಾ, ವರ್ಷಪೂರ್ತಿ ಇರುತ್ತಾರಾ ಅಂತ ಕೇಳಿ. ಹೊರಗಿನಿಂದ ತಂಡ ಬಂದು ಹತ್ತು ದಿನದಲ್ಲಿ 40 ಜನಕ್ಕೆ ಹೊಲಿದು ವಿಮಾನ ಹತ್ತಿದರೆ, ಹನ್ನೊಂದನೆಯ ದಿನ ನಳಿಗೆ ಕಟ್ಟಿದಾಗ ಯಾರು? ತಂಡ ಬರಬಾರದು ಅಂತಲ್ಲ, ಅಲ್ಲಿಯ ಸರ್ಜನ್‌ಗಳಿಗೆ ಕಲಿಸಲು ಬಂದರೆ ದೊಡ್ಡ ಉಪಕಾರ. ಬಸ್ ಚಾರ್ಜ್ ಕೊಡುತ್ತೀರಾ, ಜೊತೆಗೆ ಬಂದ ಅಮ್ಮನಿಗೆ ಊಟ ಇದೆಯಾ, ಎಳೆಯುವ ಕಾಲಿಗೆ ಫಿಸಿಯೋಥೆರಪಿ ಇದೆಯಾ ಅಂತಲೂ ಕೇಳಿ. ಕೊನೆಯದಾಗಿ, ಫೋಟೋಗಳನ್ನು ನೋಡಿ. ಹುಡುಗಿಯ ಮುಖ, ಹೆಸರು, ಊರು ಎಲ್ಲ ಹಾಕಿ ಇವಳು ಸೋರುತ್ತಿದ್ದಳು ಅಂತ ಬರೆದಿದ್ದರೆ ನಾನಾದರೆ ಕೊಡುವುದಿಲ್ಲ. ಅವಳ ಊರಿನಲ್ಲೂ ಮೊಬೈಲ್ ಇದೆ.

ಇನ್ನು ನಿಮ್ಮ ಅಕ್ಕನ ಮಗಳ ವಿಷಯ. ಅವಳ ಮನಸ್ಸು ಒಳ್ಳೆಯದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಎರಡು ವಾರಕ್ಕೆ ಬೇಡ. ಅವಳಿಗೆ ಅಲ್ಲಿಯ ಭಾಷೆ ಬರುವುದಿಲ್ಲ. ಬಹುಪಾಲು ರೋಗಿಗಳಿಗೆ ಅವರ ಊರಿನ ಭಾಷೆ ಬಿಟ್ಟು ಬೇರೆ ಗೊತ್ತಿಲ್ಲ. ಕುಡಿಯುತ್ತಿದ್ದೀಯಾ ಅಂತ ಕೇಳಲಾಗದ ನರ್ಸ್ ಅಲ್ಲಿ ಮತ್ತೊಬ್ಬರು ನೋಡಿಕೊಳ್ಳಬೇಕಾದ ಅತಿಥಿ, ಅಷ್ಟೇ. ಓದು ಮುಗಿಸಲಿ. ಎರಡು ಮೂರು ವರ್ಷ ಹೆರಿಗೆ ವಾರ್ಡ್‌ನಲ್ಲಿ ರಾತ್ರಿ ಪಾಳಿ ಮಾಡಲಿ, ಕ್ಯಾತಿಟರ್ ಕಟ್ಟಿದ್ದನ್ನು ಕತ್ತಲಲ್ಲೂ ಕಂಡುಹಿಡಿಯುವಷ್ಟು ಕೈ ಪಳಗಲಿ. ಆಮೇಲೂ ಹೋಗಬೇಕು ಅನಿಸಿದರೆ ಕನಿಷ್ಠ ಒಂದು ವರ್ಷಕ್ಕೆ ಹೋಗಲಿ, ಭಾಷೆ ಕಲಿಯಲು ಒಪ್ಪಿಕೊಂಡು. ಈಗ ಹೋದರೆ ಏನಾಗುತ್ತದೆ ಗೊತ್ತಾ? ಅವಳು ಮುಟ್ಟಿದ ದಿನ ಕಷ್ಟದ ಆಪರೇಷನ್ ಆದವಳ ನಳಿಗೆ ತೆಗೆಯುವ ಹೊತ್ತಿಗೆ, ಒಣಗಿದ್ದಾಳಾ ಇಲ್ಲವಾ ಅಂತ ವಾರ್ಡ್‌ನಲ್ಲಿ ಎಲ್ಲರೂ ಉಸಿರು ಬಿಗಿಹಿಡಿದು ನೋಡುವ ಆ ಬೆಳಗ್ಗೆ, ನಿಮ್ಮ ಹುಡುಗಿ ಏರ್‌ಪೋರ್ಟ್‌ನಲ್ಲಿ ಕೂತಿರುತ್ತಾಳೆ.